ಬಾಡಿಗೆ ಕಟ್ಟಡದ ಸಾಲ ಬದಲಿಸುವುದು ಯಾವಾಗ?

ಪ್ರಶ್ನೆ: ಬಾಡಿಗೆಗೆಂದೇ ಕೊಂಡ ಆರು ಮನೆಗಳ ಕಟ್ಟಡದ ಮೇಲೆ ಶೇ. 10ರ ಬಡ್ಡಿಯ ಸಾಲವಿದ್ದು, ತೀರಲು ಇನ್ನೂ 15 ವರ್ಷ ಬೇಕು. ಬೇರೊಂದು ಬ್ಯಾಂಕು ಶೇ. 9ರಂತೆ 20 ವರ್ಷದ ಹೊಸ ಸಾಲ ಕೊಡುವುದಾಗಿ ಹೇಳುತ್ತಿದೆ. ಎರಡು ಮನೆಗಳು ದುರಸ್ತಿಗಾಗಿ ಖಾಲಿ ಇವೆ. ಈಗಲೇ ಸಾಲ ಬದಲಿಸಬಹುದೇ?

ಉತ್ತರ: ಬದಲಿಸಬಹುದು, ಆದರೆ ಈಗಲೇ ಬೇಡ; 20 ವರ್ಷಕ್ಕಂತೂ ಬೇಡವೇ ಬೇಡ. ಕಂತು ಇಳಿಯಿತೆಂದರೆ ಸಾಲ ಅಗ್ಗವಾಯಿತೆಂದು ಅನ್ನಿಸುವುದು ಸಹಜ. ದರ ಸ್ಥಿರವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಪ್ರತಿ ಲಕ್ಷ ಬಾಕಿಗೆ ನೀವೀಗ ಕಟ್ಟುತ್ತಿರುವ ಮಾಸಿಕ ಕಂತು ಸುಮಾರು 1,075. ಅದೇ ಲಕ್ಷವನ್ನು ಶೇ. 9ರಂತೆ 20 ವರ್ಷಕ್ಕೆ ಹಂಚಿದಾಗ ಕಂತು 900ಕ್ಕೆ ಇಳಿಯುತ್ತದೆ ನಿಜ, ಆದರೆ ಸಾಲ ತೀರುವಷ್ಟರಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 1,93,000ದಿಂದ 2,16,000ಕ್ಕೆ ಏರಿರುತ್ತದೆ. ಅವಧಿಯನ್ನು 15 ವರ್ಷಕ್ಕೇ ನಿಲ್ಲಿಸಿದರೆ ಕಂತು 1,014ರಷ್ಟಾಗಿ, ಲಕ್ಷಕ್ಕೆ ತಿಂಗಳಿಗೆ 60 ಉಳಿಯುತ್ತದೆ. ನಿಜವಾದ ಉಳಿತಾಯ ಇಷ್ಟೇ.

ಹಳೆಯ ಸಾಲವನ್ನು ಅವಧಿಗೆ ಮುನ್ನ ತೀರಿಸುವ ಶುಲ್ಕ, ಮೌಲ್ಯಮಾಪನ, ವಕೀಲರ ಖರ್ಚು, ನೋಂದಣಿ ಎಲ್ಲ ಸೇರಿ ಲಕ್ಷಕ್ಕೆ 2,000 ತಗುಲಿದರೆ, ಆ ಹಣ ಮರಳಿ ಬರಲು 33 ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಕಟ್ಟಡ ಮಾರುವ ಯೋಚನೆಯಿದ್ದರೆ ಈ ವಿಚಾರವನ್ನೇ ಕೈಬಿಡಿ.

ಖಾಲಿ ಮನೆಗಳ ಮಾತು ಇದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಬಾಡಿಗೆ ಕಟ್ಟಡಕ್ಕೆ ಸಾಲ ಕೊಡುವವರು ಖರ್ಚು ಕಳೆದ ಬಾಡಿಗೆ ಆದಾಯವು ಸಾಲದ ಕಂತಿನ ಎಷ್ಟು ಪಟ್ಟಿದೆ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಅದು 1.25ರ ಆಸುಪಾಸಿನಲ್ಲಿರಬೇಕೆಂದು ಬಯಸುತ್ತಾರೆ. ಕಂತು 100, ಆರೂ ಮನೆಗಳ ಬಾಡಿಗೆ 180, ಕಂದಾಯ, ವಿಮೆ, ನಿರ್ವಹಣೆಯ ಖರ್ಚು 50 ಎಂದುಕೊಳ್ಳಿ. ಉಳಿಯುವುದು 130, ಅನುಪಾತ 1.3. ಎರಡು ಮನೆ ಖಾಲಿಯಾದಾಗ ಬಾಡಿಗೆ 120ಕ್ಕೆ ಕುಸಿಯುತ್ತದೆ, ಖರ್ಚು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದರಿಂದ ಕೈಗೆ ಸಿಗುವುದು 70, ಅಂದರೆ ಕಂತಿಗೂ ಸಾಲದು. ಇಂಥ ಹೊತ್ತಿನಲ್ಲಿ ಅರ್ಜಿ ಹಾಕಿದರೆ ಹೇಳಿದ ದರವೂ ಸಿಗದಿರಬಹುದು, ಕಟ್ಟಡದ ಮೌಲ್ಯವನ್ನೂ ಕಡಿಮೆ ಕಟ್ಟಬಹುದು. ಆದ್ದರಿಂದ ದುರಸ್ತಿ ಮುಗಿದು, ಎರಡೂ ಮನೆಗಳ ಕರಾರು ಪತ್ರವಾಗಿ, ಕೆಲವು ತಿಂಗಳ ಬಾಡಿಗೆ ಖಾತೆಗೆ ಜಮೆಯಾಗುವವರೆಗೆ ದಯವಿಟ್ಟು ಕಾಯಿರಿ. ದರ ಇನ್ನೂ ಇಳಿದೀತೆಂದು ಅದಕ್ಕೂ ಮುಂದೆ ಕಾಯುವುದನ್ನು ನಾನು ಒಪ್ಪುವುದಿಲ್ಲ.

ಈ ನಡುವೆ ಹೊಸ ದರವನ್ನು ತಿಳಿಸಿ ಈಗಿನ ಬ್ಯಾಂಕಿನಲ್ಲೇ ದರ ಇಳಿಸುವಂತೆ ಕೇಳಿ ನೋಡಿ. ಅವರು ಯಾವ ಶುಲ್ಕವೂ ಇಲ್ಲದೆ ಶೇ. 9.5ಕ್ಕೆ ಒಪ್ಪಿದರೂ, ಮೊದಲ ಐದು ವರ್ಷಗಳ ಮಟ್ಟಿಗೆ ಅಲ್ಲಿಯೇ ಉಳಿಯುವುದು ನಿಮಗೆ ಲಾಭಕರ.