ತೇರಿಗೆ ಉತ್ತತ್ತಿ ಎಸೆಯುವ ಊರಿನಿಂದ

ಕೊಪ್ಪಳದ ಓದುಗರೊಬ್ಬರು ಬರೆದಿದ್ದಾರೆ: "ಗವಿಸಿದ್ಧೇಶ್ವರ ಜಾತ್ರೆಗೆ ಇಬ್ಬರು ವಿದೇಶಿಯರು ಬಂದಿದ್ದರು. ನಮ್ಮ ಜನ ತೇರು ಬಿಟ್ಟು ಅವರ ಜೊತೆ ಸೆಲ್ಫಿಗೆ ಮುಗಿಬಿದ್ದರು. ನನಗೇ ನಾಚಿಕೆಯಾಯಿತು. ಈಗ ಇಂದ್ರಜಾತ್ರೆ ನೋಡಲು ನಾನು ಕಠ್ಮಂಡುವಿಗೆ ಹೊರಟಿದ್ದೇನೆ. ಅಲ್ಲಿ ನಾನೇ ವಿದೇಶಿ. ಹೇಗಿರಬೇಕು?"

ಆ ಇಬ್ಬರು ದಾಸೋಹದಲ್ಲಿ ಊಟಕ್ಕೆ ಕೂತಿದ್ದರಾ? ಕೂತಿದ್ದರೆ ಸೆಲ್ಫಿ ಕಾಟವನ್ನು ಅಲ್ಲೇ ಮರೆತಿರುತ್ತಾರೆ. ರೊಟ್ಟಿ, ಮಾದಲಿ ಬಡಿಸುವವರು ಯಾವ ಊರು ಅಂತ ಕೇಳೋದಿಲ್ಲ. ತೇರಿಗೆ ಉತ್ತತ್ತಿ ಎಸೆಯೋಕೂ ಯಾರ ಪರಿಚಯ ಬೇಕಿಲ್ಲ. ಪರಊರಿನ ಜಾತ್ರೆಯಲ್ಲಿ ಸುಮ್ನೆ ನೋಡುತ್ತಾ ನಿಂತವರೇ ಜಾಸ್ತಿ ಒಂಟಿ.

ಕಠ್ಮಂಡುವಿನಲ್ಲೂ ಅಂಥದ್ದು ಸಿಗುತ್ತದೆ. ಶ್ವೇತ ಭೈರವನ ದೊಡ್ಡ ಮುಖದ ಬಾಯಿಂದ ಕೊಳವೆಯಲ್ಲಿ ಅಕ್ಕಿಯ ಮದ್ಯ ಸುರಿಯುತ್ತದೆ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಬಾಯೊಡ್ಡುತ್ತಾರೆ. ಅದು ಪ್ರಸಾದ. ಕುಡಿಯೋದು ಬಿಡೋದು ನಿಮ್ಮಿಷ್ಟ, ಮೂಗು ಮಾತ್ರ ಮುರಿಯಬೇಡಿ.

ತೇರಿನಲ್ಲಿ ಬರುವವಳು ಕುಮಾರಿ. ಕಠ್ಮಂಡು ಕಣಿವೆಯ ಮೂಲ ಜನರಾದ ನೇವಾರರ ಶಾಕ್ಯ ಮನೆತನದ, ಅಂದರೆ ಬೌದ್ಧರ ಮನೆಯ ಪುಟ್ಟ ಹುಡುಗಿ. ಅವಳಲ್ಲಿ ತಲೇಜು ದೇವಿಯನ್ನು ಕಂಡು ಹಿಂದೂಗಳೂ ಕೈಮುಗಿಯುತ್ತಾರೆ. ಹಬ್ಬ ಹಿಂದೂಗಳದ್ದೋ ಬೌದ್ಧರದ್ದೋ ಅಂತ ಅಲ್ಲಿ ಕೇಳಬೇಡಿ, ನಗುತ್ತಾರೆ. ಅವಳ ಮನೆಯ ಅಂಗಳಕ್ಕೆ ಹೋದಾಗ ಫೋನು ಜೇಬಿನಲ್ಲಿರಲಿ. ಕಿಟಕಿಯಲ್ಲಿ ಕಾಣಿಸಿಕೊಂಡ ಕುಮಾರಿಯ ಫೋಟೋ ತೆಗೆಯುವಂತಿಲ್ಲ.

ಬೌದ್ಧನಾಥ ಸ್ತೂಪದಲ್ಲಿ ನಿಮಗೆ ಕಷ್ಟವಿಲ್ಲ, ನಮ್ಮ ಪ್ರದಕ್ಷಿಣೆಯ ಹಾಗೇ ಬಲಕ್ಕೆ ಸುತ್ತಬೇಕು. ಪಶುಪತಿನಾಥನಲ್ಲಿ ಮಾತ್ರ ಒಂದು ತಮಾಷೆ ಇದೆ. ನಿಮ್ಮ ಜಾತ್ರೆಗೆ ಬಂದವರಂಥ ವಿದೇಶಿಯರು ಹಿಂದೂಗಳಲ್ಲದಿದ್ದರೆ ಮುಖ್ಯ ಗುಡಿಯ ಬಾಗಿಲಲ್ಲೇ ನಿಲ್ಲಬೇಕು. ನೀವು ಒಳಗೆ ಹೋಗುತ್ತೀರಿ. ಒಳಗೆ ಪೂಜೆ ಮಾಡುವ ಭಟ್ಟರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆ! ಅಲ್ಲಿ ಯಾರು ವಿದೇಶಿ, ನೀವೇ ಹೇಳಿ.

ಹೊರಡುವ ಮುಂಚೆ ಒಂದು ಬೆಳಿಗ್ಗೆ ಗವಿಮಠದ ಗುಡ್ಡ ಹತ್ತಿ ಬನ್ನಿ. ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಶ್ರದ್ಧೆ ಅಷ್ಟಕ್ಕಷ್ಟೇ ಇತ್ತು, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಹೆಚ್ಚಿತು ಅಂತ ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಜಾತ್ರೆಯ ಗದ್ದಲದಲ್ಲಿ ಅತ್ತ ನೋಡುವವರು ಕಡಿಮೆ.

ಇನ್ನೊಂದು ಮಾತು. ಕೊಪ್ಪಳದ ಕೈ ಅಂತ ಅಲ್ಲಿ ತೇರಿಗೆ ಉತ್ತತ್ತಿ ಎಸೆದೀರಿ, ಒಳಗೆ ಕೂತಿರೋದು ಪುಟ್ಟ ಮಗು.

— ಸಂಪಾದಕ