ಪಾಠ ಬಾಯಿಗೆ ಬಂದಿತ್ತು, ಓದು ಬಂದಿರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನಾಲ್ಕನೇ ತರಗತಿಯ ಹುಡುಗ, ವಯಸ್ಸು 9. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗುವ ನನ್ನ ಬಳಿ ಅಮ್ಮ ಅವನನ್ನು ಕರೆತಂದದ್ದು ಹೊಟ್ಟೆನೋವಿನ ಕಾರಣಕ್ಕೆ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಶುರುವಾಗುವ ನೋವು ರಜೆಯ ದಿನ ಸುಳಿಯುತ್ತಲೇ ಇರಲಿಲ್ಲ. ವೈದ್ಯರು ಪರೀಕ್ಷಿಸಿ, ದೇಹಕ್ಕೆ ಏನೂ ಆಗಿಲ್ಲ ಎಂದಿದ್ದರು. "ಓದೋಕೆ ಬರುತ್ತೆ ಮೇಡಂ, ಬರೀ ಸೋಮಾರಿತನ. ಒಂದೊಂದು ಪಾಠಾನೂ ಹತ್ತು ಸಲ ಬರೆಸ್ತೀನಿ. ಆದ್ರೂ ಪರೀಕ್ಷೇಲಿ ಏನೂ ಬರೆಯಲ್ಲ" ಎಂದರು ಅಮ್ಮ.

ಪಠ್ಯಪುಸ್ತಕ ಕೊಟ್ಟೆ. ಮೊದಲ ಪುಟವನ್ನು ಸರಾಗವಾಗಿ ಓದಿದ. ಆದರೆ ಬಾಯಿ ಆರನೇ ಸಾಲಿಗೆ ಹೋಗಿದ್ದರೂ ಬೆರಳು ಎರಡನೇ ಸಾಲಿನಲ್ಲೇ ಇತ್ತು. ಅದೇ ಪುಟದ ಐದು ಪದಗಳನ್ನು ಚೀಟಿಗಳಲ್ಲಿ ಬರೆದು ಹಿಂದುಮುಂದಾಗಿ ಇಟ್ಟೆ. ಒಂದನ್ನೂ ಓದಲಾಗಲಿಲ್ಲ. ತಲೆ ತಗ್ಗಿಸಿ ಚೀಟಿಯ ಅಂಚು ಮಡಚುತ್ತ ಕೂತ. ತರಗತಿಯಲ್ಲಿ ಬೇರೆ ಮಕ್ಕಳು ಓದುವುದನ್ನು ಕೇಳಿ ಕೇಳಿ ಇಡೀ ಪಾಠ ಉರು ಹಾಕಿದ್ದ. ಇದನ್ನು ಮೋಸ ಎನ್ನಲು ನನಗೆ ಮನಸ್ಸು ಬಾರದು. ಓದಲು ಬಾರದ್ದು ಯಾರಿಗೂ ತಿಳಿಯಬಾರದೆಂದು ಆ ಮಗು ಎಷ್ಟು ದುಡಿದಿರಬೇಕು!

ಕಣ್ಣು, ಕಿವಿ ಪರೀಕ್ಷೆ ಮಾಡಿಸಿದೆವು, ತೊಂದರೆ ಇರಲಿಲ್ಲ. ನಾನು ಓದಿ ಹೇಳಿದ ಕತೆಯನ್ನು ಒಂದು ಎಳೆಯೂ ಬಿಡದೆ ತಿರುಗಿ ಹೇಳಿದ. ಬರಹವನ್ನು ಬಿಡಿಸಿ ಓದುವುದು, ಮಾತನ್ನು ಅರ್ಥ ಮಾಡಿಕೊಳ್ಳುವುದು, ಇವೆರಡರ ಗುಣಲಬ್ಧವೇ ಓದು ಎಂದು ಸಂಶೋಧಕರಾದ ಗಾಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದ್ದರು. ಇವನಲ್ಲಿ ಎರಡನೆಯದು ಗಟ್ಟಿಯಾಗಿತ್ತು, ಮೊದಲನೆಯದು ಕುಸಿದಿತ್ತು. ಮೂಲಾಕ್ಷರಗಳು ಬಹುಪಾಲು ಗೊತ್ತು. ಕಾಗುಣಿತದಲ್ಲಿ ದೀರ್ಘ ತಪ್ಪುತ್ತಿತ್ತು. ಒತ್ತಕ್ಷರ ಬಂದರೆ ಅದು ಇಲ್ಲವೇ ಇಲ್ಲವೆಂಬಂತೆ ದಾಟಿಬಿಡುತ್ತಿದ್ದ: 'ಕತ್ತೆ' 'ಕತೆ'ಯಾಗುತ್ತಿತ್ತು, 'ಹಳ್ಳಿ' 'ಹಳಿ'ಯಾಗುತ್ತಿತ್ತು. 'ಸೂರ್ಯ' ಬಂದಾಗಲಂತೂ ಪೂರ್ತಿ ಗೊಂದಲ. ಅರ್ಕಾವತ್ತಿನಲ್ಲಿ ಕಿವಿಗೆ ಮೊದಲು ಕೇಳುವ 'ರ್' ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ. ಅದನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ಹೇಗೆ ತಿಳಿದೀತು?

ಅಮ್ಮನಿಗೆ ಮೊದಲು ಹೇಳಿದ್ದು, ಹತ್ತು ಸಲ ಬರೆಸುವುದನ್ನು ನಿಲ್ಲಿಸಿ ಎಂದು. ನೋಡಿ ಬರೆಯುವುದು ಅಕ್ಷರದ ಚಿತ್ರ ಬಿಡಿಸಿದಂತೆ, ಓದದೆಯೂ ಮಾಡಬಹುದು. ಅದರ ಬದಲು ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಮೊದಲ ಐದು ನಿಮಿಷ ಪುಸ್ತಕವಿಲ್ಲದೆ ಕಿವಿಯ ಆಟ: 'ಕಮಲ'ದಿಂದ 'ಮ' ತೆಗೆದರೆ ಏನು ಉಳಿಯಿತು? ಆಮೇಲೆ ಕತೆ–ಕತ್ತೆ, ಹಳಿ–ಹಳ್ಳಿ, ಮನೆ–ಮೊನೆ ಇಂಥ ಜೋಡಿಗಳು. ಕಾಗುಣಿತವನ್ನು ಸಾಲಾಗಿ ಒಪ್ಪಿಸುವುದು ಬೇಡ. ಈ ಹುಡುಗ ಅದನ್ನೂ ಹಾಡಿನಂತೆ ಉರು ಹಾಕಿಬಿಡುತ್ತಾನೆ. ಓದುವಾಗ ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ನಂತರ ಪದವನ್ನು ಬೆರಳಿನಿಂದ ಮುಚ್ಚಿ ಒಂದೊಂದೇ ಅಕ್ಷರ ತೆರೆದು ತೋರಿಸಿ. ಚಿತ್ರ ನೋಡಿ ಊಹಿಸು ಎನ್ನಬೇಡಿ, ಊಹೆಯಲ್ಲಿ ಅವನು ಈಗಾಗಲೇ ನಿಪುಣ. ರಾತ್ರಿ ಮಾತ್ರ ಅವನ ವಯಸ್ಸಿನ ಒಳ್ಳೆಯ ಕತೆಯನ್ನು ನೀವೇ ಓದಿ ಹೇಳಿ, ಓದು ಹಿಂದುಳಿಯಿತೆಂದು ಪದಸಂಪತ್ತೂ ಸೊರಗಬಾರದು.

ಆರಂಭದಲ್ಲಿ ನಾನೊಂದು ತಪ್ಪು ಮಾಡಿದೆ. ಅವನ ಮಟ್ಟ ನೋಡಿ ಒಂದನೇ ತರಗತಿಯ ಚಿತ್ರಪುಸ್ತಕ ಕೊಟ್ಟೆ. ಅದನ್ನು ಮುಚ್ಚಿ ನನ್ನ ಕಡೆ ಸರಿಸಿ, "ಇದು ನನ್ನ ತಂಗಿದು" ಎಂದ. ಓದು ಒಂದನೇ ತರಗತಿಯದ್ದಾದರೂ ಮಾನ ಒಂಬತ್ತು ವರ್ಷದವನದು. ಮುಂದಿನ ವಾರ ಅವನ ನಾಯಿಮರಿಯ ಬಗ್ಗೆ ಹೇಳಿಸಿದೆ. ಅವನ ಮಾತನ್ನೇ ಸುಮಾರು 40 ಪದಗಳಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅದನ್ನೇ ಮೂರು-ನಾಲ್ಕು ಸಲ, ಪ್ರತಿ ಸಲ ತುಸು ಸಲೀಸಾಗಿ ಓದಿಸಿದೆವು. ಬಾಯಿಪಾಠವಾಗಿಬಿಡದಂತೆ ವಾಕ್ಯಗಳನ್ನು ಕತ್ತರಿಸಿ ಕಲಸಿ ಜೋಡಿಸಲು ಹೇಳುತ್ತಿದ್ದೆ.

ಶಿಕ್ಷಕಿಯ ಬಳಿ ಎರಡೇ ಕೋರಿಕೆ ಇಟ್ಟೆ. ಇದ್ದಕ್ಕಿದ್ದಂತೆ ಎಬ್ಬಿಸಿ ಓದಿಸಬೇಡಿ, ಓದಬೇಕಾದ ನಾಲ್ಕು ಸಾಲನ್ನು ಹಿಂದಿನ ದಿನವೇ ತಿಳಿಸಿ. ಪರಿಹಾರ ಬೋಧನೆಯನ್ನು, ಅಂದರೆ ಹಿಂದುಳಿದ ಮಕ್ಕಳಿಗೆ ಮಾಡುವ ಹೆಚ್ಚುವರಿ ಪಾಠವನ್ನು, ಆಟದ ಅವಧಿಯಲ್ಲಿ ಇಡಬೇಡಿ. ಕಲಿಕೆ ಶಿಕ್ಷೆಯಂತೆ ಕಂಡರೆ ಮಗು ಅದರಿಂದ ದೂರ ಓಡುತ್ತದೆ. ಅವರು ಎರಡನ್ನೂ ಒಪ್ಪಿದರು. ಇಷ್ಟು ಕ್ರಮವಾಗಿ ಕಲಿಸಿದ ಮೇಲೂ ಆರು ತಿಂಗಳಲ್ಲಿ ಚೇತರಿಕೆ ಕಾಣದಿದ್ದರೆ ಡಿಸ್ಲೆಕ್ಸಿಯಾ (ಓದು-ಬರಹ ಕಲಿಯುವುದನ್ನೇ ಕಷ್ಟವಾಗಿಸುವ ತೊಂದರೆ) ಇದೆಯೇ ಎಂದು ತಜ್ಞರಿಂದ ಪರೀಕ್ಷೆ ಮಾಡಿಸೋಣ ಎಂದು ಪೋಷಕರಿಗೆ ಹೇಳಿಟ್ಟಿದ್ದೇನೆ.

ಈಗ ಹದಿನಾಲ್ಕನೇ ವಾರ. ಹೊಟ್ಟೆನೋವು ಬಹಳ ಕಡಿಮೆಯಾಗಿದೆ. 'ಕತ್ತೆ'ಯಲ್ಲಿರುವಂತೆ ಅಕ್ಷರಕ್ಕೆ ಅದರದೇ ಒತ್ತು ಬರುವ ಸಜಾತಿ ಒತ್ತಕ್ಷರ ಹಿಡಿತಕ್ಕೆ ಬಂದಿದೆ, 'ಸೂರ್ಯ'ದಲ್ಲಿರುವಂತೆ ಬೇರೆ ಬೇರೆ ವ್ಯಂಜನ ಸೇರುವ ವಿಜಾತಿ ಒತ್ತಕ್ಷರ ಇನ್ನೂ ಎಡವಿಸುತ್ತದೆ. ಮೊನ್ನೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಯಾರೂ ಕೇಳದಿದ್ದರೂ, ಬೆರಳಿಟ್ಟು ಓದುತ್ತಿದ್ದ: "ಮಾ... ಮಾರ್... ಮಾರ್ಚ್." ತಿರುಗಿ ನನ್ನ ಮುಖ ನೋಡಿದ. ಆಮೇಲೆ ಏಪ್ರಿಲ್‌ಗೆ ಬೆರಳಿಟ್ಟ.