ಸುನಾಮಿ ಹೋದ ಮೇಲೆ ಅರ್ಚಿನ್ ಎಣಿಸೋದು ಯಾಕೆ?

ಪ್ರಶ್ನೆ: ನಾನು ಚಿಂತಾಮಣಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಜಪಾನಿನಲ್ಲಿ 2011ರ ಸುನಾಮಿ ಆದ ಮೇಲೆ ವಿಜ್ಞಾನಿಗಳು ವರ್ಷಗಟ್ಟಲೆ ನೀರಿಗಿಳಿದು ಕೆಲ್ಪ್ ಅನ್ನೋ ಕಡಲಪಾಚಿಯನ್ನೂ ಸೀ ಅರ್ಚಿನ್‌ಗಳನ್ನೂ ಎಣಿಸಿದರಂತೆ. ಅಷ್ಟೊಂದು ಜನ ಸತ್ತ ಕಡೆ ಪಾಚಿ ಎಣಿಸೋದು ಮುಖ್ಯವಾ? ಒಂದು ಸಲ ನೋಡಿದ್ರೆ ಸಾಲದಾ?

ಉತ್ತರ: ಮುಖ್ಯವೇ. ಬದುಕಿ ಉಳಿದವರಿಗೆ ದುಡಿಮೆ ಬೇಕಲ್ವಾ? ಅದು ಜಪಾನಿನ ಈಶಾನ್ಯದ ಸಾನ್ರಿಕು ಕರಾವಳಿ. ಬಂಡೆಗಳ ತೀರ, ತಣ್ಣನೆಯ ನೀರು. ವಕಾಮೆ, ಅರಾಮೆ ಅನ್ನೋ ಕೆಲ್ಪ್‌ಗಳು ಅಲ್ಲಿ ಬಂಡೆಗೆ ಕಚ್ಚಿಕೊಂಡು ಬೆಳೆಯುತ್ತವೆ. ಅವನ್ನು ತಿಂದು ಅಬಲೋನ್ ಎಂಬ ದುಬಾರಿ ಚಿಪ್ಪುಜೀವಿ ಬದುಕುತ್ತದೆ, ಅರ್ಚಿನ್ನೂ ಬದುಕುತ್ತದೆ. ಅರ್ಚಿನ್ ಅಂದ್ರೆ ಮೈಯೆಲ್ಲ ಮುಳ್ಳಿರೋ ದುಂಡನೆಯ ಪ್ರಾಣಿ. ಕೆಳಗಡೆ ಬಾಯಿ, ಬಾಯಲ್ಲಿ ಐದು ಹಲ್ಲು. ಅದರೊಳಗಿನ ಹಳದಿ ಭಾಗವನ್ನು ಜಪಾನಿನವರು ಒಳ್ಳೆ ಬೆಲೆ ಕೊಟ್ಟು ತಿನ್ನುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ಒಂದೇ ಸಲ ನೋಡಿದ್ದರೆ ಪೂರಾ ತಪ್ಪು ಉತ್ತರ ಸಿಗುತ್ತಿತ್ತು. ಮಾರ್ಚ್ 11ರ ಅಲೆ ಊರುಗಳನ್ನೇ ಎತ್ತಿಕೊಂಡು ಹೋಯಿತು, ಆದರೆ ನೀರೊಳಗಿನ ದೊಡ್ಡ ಕೆಲ್ಪ್ ಮಾತ್ರ ಹಲವು ಕಡೆ ಬಂಡೆ ಬಿಡದೆ ಉಳಿಯಿತು. ಕೊಚ್ಚಿ ಹೋದದ್ದು ಅರ್ಚಿನ್‌ಗಳು ಮತ್ತು ಅಬಲೋನ್ ಮರಿಗಳು. ಓಶಿಕಾ ಪರ್ಯಾಯ ದ್ವೀಪದ ಕಡೆ ಸುನಾಮಿಗೆ ಮೊದಲೇ ಮಾಡಿಟ್ಟ ಲೆಕ್ಕ ಇತ್ತು, ಅದಕ್ಕೇ ಎಷ್ಟು ಹೋಯಿತು ಅಂತ ಹೇಳೋಕೆ ಆಯಿತು. ಹಳೇ ಲೆಕ್ಕವೇ ಇಲ್ಲದಿದ್ದರೆ ಆಮೇಲೆ ಎಣಿಸಿದ್ದನ್ನು ಯಾವುದಕ್ಕೆ ಹೋಲಿಸ್ತೀರಿ?

ಆ ವರ್ಷದ ಮಟ್ಟಿಗೆ ನೋಡಿದ್ರೆ ಕೆಲ್ಪ್‌ಗೆ ಒಳ್ಳೆಯದೇ ಆಯಿತು ಅನ್ನಿಸುತ್ತೆ. ತಿನ್ನೋರು ಕಮ್ಮಿ. ಆದರೆ ಅರ್ಚಿನ್ ಮರಿಗಳು ಮೊದಲು ಸೂಕ್ಷ್ಮ ಲಾರ್ವಾಗಳಾಗಿ ವಾರಗಟ್ಟಲೆ ನೀರಲ್ಲಿ ತೇಲುತ್ತವೆ, ಆಮೇಲೆ ಬಂದು ಬಂಡೆ ಮೇಲೆ ಕೂರುತ್ತವೆ. ಸುನಾಮಿಯ ನಂತರ ಹೀಗೆ ಬಂದು ಕೂತವು ಕೆಲವು ವರ್ಷದಲ್ಲಿ ಬೆಳೆದು ದೊಡ್ಡವಾದವು, ಮಿನಾಮಿಸಾನ್ರಿಕು ಊರಿನ ಶಿಜುಗಾವಾ ಕೊಲ್ಲಿಯಲ್ಲಂತೂ ಅವುಗಳ ಸಂಖ್ಯೆ ಏರಿ, ಹೊಸ ಸಸಿ ನೆಟ್ಟ ಗುಡ್ಡಕ್ಕೆ ಮೇಕೆ ಮಂದೆ ಬಿಟ್ಟ ಹಾಗಾಗಿ, ಕೆಲ್ಪ್ ಇದ್ದ ಕಡೆ ಬರೀ ಬಂಡೆ ಕಾಣೋಕೆ ಶುರುವಾಯಿತು. ಇದಕ್ಕೆ ಅಲ್ಲಿ ಇಸೊಯಾಕೆ ಅಂತಾರೆ.

ಇಲ್ಲಿ ನಿಜವಾದ ತೊಡಕು ಬೇರೆ ಇದೆ. ಕೆಲ್ಪ್ ಮುಗಿದರೂ ಅರ್ಚಿನ್ ಸಾಯೋದಿಲ್ಲ. ಹೊಟ್ಟೆಗಿಲ್ಲದೆ ವರ್ಷಗಟ್ಟಲೆ ಬದುಕಿರುತ್ತೆ. ಒಳಗೆ ಆ ಹಳದಿ ಭಾಗ ಮಾತ್ರ ತುಂಬೋದಿಲ್ಲ. ಟೊಳ್ಳು ಮಾಲನ್ನು ಯಾರು ಕೊಳ್ತಾರೆ? ಮೀನುಗಾರರು ಹಿಡಿಯೋದಿಲ್ಲ, ಅವು ಅಲ್ಲೇ ಉಳಿಯುತ್ತವೆ, ಮೊಳೆಯೋ ಪುಟ್ಟ ಕೆಲ್ಪನ್ನೆಲ್ಲ ಕೆರೆದು ತಿನ್ನುತ್ತವೆ. ಡೈವರ್‌ಗಳು ಇಳಿದು ಅವನ್ನು ತೆಗೆದ ಜಾಗದಲ್ಲಿ ಕೆಲ್ಪ್ ಮತ್ತೆ ಬರುತ್ತೆ. ಎಲ್ಲಿ, ಎಷ್ಟು ತೆಗೀಬೇಕು ಅನ್ನೋದಕ್ಕೇ ಈ ಎಣಿಕೆ ಬೇಕು.

ಎಣಿಸೋ ರೀತಿ ಸರಳ, ಕೆಲಸ ಮಾತ್ರ ಸುಸ್ತು. ತಳದಲ್ಲಿ ಅಳತೆ ಟೇಪು ಎಳೆದು, ಅದರುದ್ದಕ್ಕೂ ಚೌಕಟ್ಟು ಇಡುತ್ತಾ ಹೋಗುತ್ತಾರೆ. ಚೌಕಟ್ಟಿನೊಳಗೆ ಕೆಲ್ಪ್ ಎಷ್ಟು ಜಾಗ ಹಿಡಿದಿದೆ, ಅರ್ಚಿನ್ ಎಷ್ಟಿವೆ ಅಂತ ಬರೆದುಕೊಳ್ಳುತ್ತಾರೆ. ಅರ್ಚಿನ್‌ನ ಅಗಲವನ್ನೂ ಅಳೆಯಬೇಕು, ಮುಂದಿನ ವರ್ಷದ ಸುಳಿವು ಸಿಗೋದೇ ಅಲ್ಲಿ. ದೊಡ್ಡವು ಕಮ್ಮಿ ಇದ್ದು ಚಿಕ್ಕವು ಜಾಸ್ತಿ ಕಂಡರೆ ಹುಷಾರಾಗಬೇಕು. ಮರಿಗಳು ಕಲ್ಲಿನಡಿ ಅಡಗಿರುತ್ತವೆ, ಕಲ್ಲು ಮಗುಚಿ ನೋಡದಿದ್ದರೆ ಲೆಕ್ಕಕ್ಕೇ ಸಿಗೋದಿಲ್ಲ. ಇನ್ನೊಂದು ಪೇಚು ನೋಡಿ. ಭೂಕಂಪಕ್ಕೆ ಓಶಿಕಾ ಕಡೆ ನೆಲವೇ ಸುಮಾರು 1 ಮೀಟರ್ ಕುಸಿದಿತ್ತು. ಮೊದಲು 2 ಮೀಟರ್ ಆಳದಲ್ಲಿದ್ದ ಬಂಡೆ ಆಗ 3 ಮೀಟರ್ ಆಳಕ್ಕೆ ಹೋಗಿತ್ತು. ಹಳೇ ಆಳಕ್ಕೇ ಹೋಗಿ ಎಣಿಸಿದರೆ ನೀವು ನೋಡ್ತಿರೋದು ಬೇರೆ ಬಂಡೆ!

ನೀವೂ ಮಾಡಿ ನೋಡಬಹುದು. ಪಿವಿಸಿ ಪೈಪಲ್ಲಿ 1 ಮೀಟರ್ ಚೌಕಟ್ಟು ಮಾಡಿಕೊಂಡು, ನಿಮ್ಮೂರ ಕೆರೆ ಅಂಗಳದಲ್ಲಿ ಪಾರ್ಥೇನಿಯಂ ಎಣಿಸಿ. ಮಳೆಗೆ ಮುಂಚೆ ಒಂದು ಸಲ, ಆಮೇಲೆ ತಿಂಗಳಿಗೊಮ್ಮೆ, ಜಾಗ ಮಾತ್ರ ಬದಲಿಸಬೇಡಿ.

ಪ್ರಶ್ನೆ: 2004ರ ಸುನಾಮಿ ನಮ್ಮ ದೇಶಕ್ಕೂ ಬಂತಲ್ಲ, ಇಲ್ಲೂ ಕೆಲ್ಪ್ ಎಣಿಸಿದ್ರಾ? (ತುಮಕೂರಿನ ಓದುಗರು)

ಉತ್ತರ: ಇಲ್ಲಿ ಕೆಲ್ಪ್ ಕಾಡೇ ಇಲ್ಲ ಸ್ವಾಮಿ. ಅದಕ್ಕೆ ತಣ್ಣೀರು ಬೇಕು, ನಮ್ಮ ಕಡಲು ಬೆಚ್ಚಗಿದೆ. ನಮ್ಮಲ್ಲಿ ನೋಡಿದ್ದು ಹವಳವನ್ನು. ಉತ್ತರ ಅಂಡಮಾನ್ ಕಡೆ ನೆಲ ಮೇಲೆದ್ದು ಹವಳ ನೀರಿಂದ ಹೊರಬಂದು ಸತ್ತಿತು. ನಿಕೋಬಾರ್‌ನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್‌ನಲ್ಲಿ ನೆಲ 4 ಮೀಟರ್‌ಗೂ ಜಾಸ್ತಿ ಕುಸಿಯಿತು. ಒಂದೇ ಭೂಕಂಪ, ಎರಡು ತುದಿಗೆ ಎರಡು ಥರ.

ಪ್ರಶ್ನೆ: ಶ್ರೀನಿವಾಸಪುರದಲ್ಲಿ ಟೊಮ್ಯಾಟೊ ಬೆಳೀತೀನಿ. ಅಂಗಡಿಯವರು ಕೊಡೋ ಸೀವೀಡ್ ದ್ರಾವಣ ಈ ಕೆಲ್ಪಿಂದಲೇ ಮಾಡಿದ್ದಾ?

ಉತ್ತರ: ಬಾಟಲಿ ಹಿಂದಿನ ಹೆಸರು ಓದಿ. ಕಪ್ಪಾಫೈಕಸ್ ಅಂತಿದ್ದರೆ ಅದು ತಮಿಳುನಾಡು ತೀರದಲ್ಲಿ ತೆಪ್ಪ ಕಟ್ಟಿಯೂ ಬೆಳೆಸೋ ಕೆಂಪು ಪಾಚಿ. ಆಸ್ಕೋಫಿಲಂ ಅಂತಿದ್ದರೆ ಉತ್ತರ ಅಟ್ಲಾಂಟಿಕ್ ತೀರದ ಕಂದು ಪಾಚಿ, ಅದೂ ಕೆಲ್ಪ್ ಅಲ್ಲ. ಎಕ್ಲೋನಿಯಾ ಅಂತ ಕಂಡರೆ ಅದು ಕೆಲ್ಪೇ. ಯಾವುದೇ ಆಗಲಿ, ಗಿಡಕ್ಕೆ ಸ್ವಲ್ಪ ಚುರುಕು ಕೊಡಬಹುದು, ಗೊಬ್ಬರ ಹಾಕೋದು ಬಿಡಬೇಡಿ.